ಆರ್ಡಿಸ್ ಕದ್ದ ಏಳು ವರ್ಷ

ಆರ್ಡಿಸ್ ಕ್ವಾಮಿ ಹಣ ಕದ್ದವಳಲ್ಲ, ಗಂಡಸರನ್ನು ಕದ್ದವಳೂ ಅಲ್ಲ. ಕದ್ದದ್ದು ಏಳು ವರ್ಷ, ಅದೂ ತನ್ನದೇ ವಯಸ್ಸಿನಿಂದ. ಇದಕ್ಕೆ ಯಾವ ಪೊಲೀಸರೂ ಬರುವುದಿಲ್ಲ ಎಂಬ ಧೈರ್ಯದಲ್ಲಿ ಐದು ವರ್ಷ ಹಾಯಾಗಿದ್ದಳು. ಕೊನೆಗೆ ಬಂದದ್ದು ಮೆಡಿಕೇರ್, ಅಮೆರಿಕದಲ್ಲಿ ಅರವತ್ತೈದು ತುಂಬಿದವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ.

ಕದ್ದದ್ದು ಚರ್ಚಿನ ನೆಲಮಾಳಿಗೆಯಲ್ಲಿ, ಇಸ್ಪೀಟಾಟದ ಸಂಜೆ. ಎದುರು ಕೂತಿದ್ದವನು ಡೆಲ್ಮರ್ ಪ್ರೋಕ್ನೋ, ಹೆಂಡತಿ ಸತ್ತವನು, ಹಾಲಿನ ಲಾರಿ ಓಡಿಸಿ ನಿವೃತ್ತನಾದವನು, ಪೋಲ್ಕಾ ಕುಣಿಯುವುದರಲ್ಲಿ ಇಡೀ ಉತ್ತರ ವಿಸ್ಕಾನ್ಸಿನ್‌ನಲ್ಲೇ ಎತ್ತಿದ ಕೈ. ಎಲೆ ಹಾಕುತ್ತಾ ಸುಮ್ಮನೆ ವಯಸ್ಸು ಕೇಳಿದ. ಅರವತ್ತಾರು ಎನ್ನಬೇಕಾದ ಬಾಯಿ ಐವತ್ತೊಂಬತ್ತು ಎಂದುಬಿಟ್ಟಿತು. ಪಾಪ, ಬಾಯಿಯದೇನು ತಪ್ಪು? ಅವಳ ಗಂಡ ಬೌಲಿಂಗ್ ಆಟದ ಮನೆಯಲ್ಲಿ ಬಾಡಿಗೆ ಶೂ ಕೊಡುತ್ತಿದ್ದ ಹುಡುಗಿಯ ಜೊತೆ ಹೊರಟುಹೋಗುವಾಗ, "ಈ ವಯಸ್ಸಲ್ಲಿ ನಿಂಗಿನ್ನೇನು ಬೇಕು" ಎಂದು ಹೇಳಿಯೇ ಹೋಗಿದ್ದ. ಆ ಮಾತನ್ನು ಅವಳು ಇನ್ನೂ ಮರೆತಿರಲಿಲ್ಲ.

ಆ ಸಂಜೆಯಿಂದ ಕುಣಿತಕ್ಕೂ ಊಟಕ್ಕೂ ಇಬ್ಬರೂ ಜೋಡಿ. ಒಂದು ಸುಳ್ಳು ಹೇಳಿದ ಮೇಲೆ ಅದನ್ನು ಸಾಕುವ ಕೆಲಸ ಇದ್ದೇ ಇದೆಯಲ್ಲ. ಮನುಷ್ಯ ಚಂದ್ರನ ಮೇಲೆ ಇಳಿದ ದಿನ ತಾನು ಅಪ್ಪನ ತೊಡೆಯ ಮೇಲೆ ಕೂತು ಟೀವಿ ನೋಡಿದೆ ಎಂದು ಡೆಲ್ಮರ್‌ಗೆ ಹೇಳಿದ್ದಳು. ನಿಜವಾಗಿ ಆ ದಿನ ಹದಿನಾರಕ್ಕೆ ಕಾಲಿಡಲಿದ್ದ ಪೋರಿ ಯಾರದೋ ಟ್ರಕ್ಕಿನ ಹಿಂದೆ ಕದ್ದು ಸಿಗರೇಟು ಸೇದುತ್ತಿದ್ದಳು. ಲೆಕ್ಕ ಕೂಡಿಬರಲೆಂದು ದೂರದ ಒರೆಗಾನಿನಲ್ಲಿದ್ದ ಮಗಳ ವಯಸ್ಸನ್ನೂ ಇಳಿಸಿದಳು. ಮಗಳು ಫೋನಿನಲ್ಲಿ, "ಅಮ್ಮಾ, ನೀನು ನಂಗೆ ಕೊಟ್ಟಿರೋದ್ರಲ್ಲಿ ಇದೇ ಒಳ್ಳೇ ಉಡುಗೊರೆ" ಎಂದಳು.

ಆರ್ಡಿಸ್ ಶಾಲೆಯ ಅಡುಗೆಮನೆಯಲ್ಲಿ ದುಡಿಯುತ್ತಿದ್ದಳು. ಅಲ್ಲಿನ ವಿಮೆ ಇದ್ದುದರಿಂದ ಅರವತ್ತೈದಾದಾಗ ಮೆಡಿಕೇರ್ ಕಡೆ ತಿರುಗಿಯೂ ನೋಡಿರಲಿಲ್ಲ. ಹೋದ ಆಗಸ್ಟಿನಲ್ಲಿ ಅವರ ಶಾಲೆಯನ್ನು ಪಕ್ಕದೂರಿನ ಶಾಲೆಗೆ ಸೇರಿಸಿದರು. ಕಚೇರಿ ಮಾತ್ರ ಉಳಿಯಿತು; ಅಡುಗೆಮನೆಗೆ ಬೀಗ ಬಿತ್ತು, ಕೆಲಸ ಹೋಯಿತು, ಕೆಲಸದ ಜೊತೆ ವಿಮೆಯೂ ಹೋಯಿತು. ಕೈಯಿಂದ ದುಡ್ಡು ಕಟ್ಟಿಕೊಂಡು ಹಳೇ ವಿಮೆಯನ್ನೇ ಸ್ವಲ್ಪ ಕಾಲ ಎಳೆಯಬಹುದು ಎಂದರು, ಎಳೆದಳು.

ಈಗ ತಮಾಷೆ ನೋಡಿ. ಆ ಜಿಲ್ಲೆಯಲ್ಲಿ ಮುದುಕರಿಗೆ ಮೆಡಿಕೇರ್ ಬಗ್ಗೆ ಪುಕ್ಕಟೆ ಸಲಹೆ ಕೊಡಲು ತರಬೇತಿ ಪಡೆದ ಸ್ವಯಂಸೇವಕ ಒಬ್ಬನೇ, ಅವನು ಡೆಲ್ಮರ್. ಬುಧವಾರ ಬುಧವಾರ ಗ್ರಂಥಾಲಯದಲ್ಲಿ ಮೇಜು ಹಾಕಿ ಕೂರುತ್ತಿದ್ದ. ಊರವರೆಲ್ಲ ಸೇರುವ ಶುಕ್ರವಾರದ ಮೀನಿನೂಟಕ್ಕೆ ಕೂತಾಗ ಅವಳ ಕೈ ತಟ್ಟಿ ಹೇಳಿದ್ದ: "ನೀನೇನೂ ಯೋಚ್ನೆ ಮಾಡ್ಬೇಡ. ಬರೋ ಆಗಸ್ಟಿಗೆ ನಿಂಗೆ ಅರವತ್ತೈದು. ಮೂರು ತಿಂಗಳು ಮುಂಚೆ ಅರ್ಜಿ ಹಾಕೋಕೆ ಬಾಗಿಲು ತೆರೆಯುತ್ತೆ. ಮೇನಲ್ಲಿ ಬಾ, ನಾನೇ ಎಲ್ಲಾ ಮಾಡ್ತೀನಿ." ಆರ್ಡಿಸ್ ಎಲೆಕೋಸಿನ ಪಲ್ಯ ನುಂಗುತ್ತಾ ತಲೆಯಾಡಿಸಿದಳು.

ಏಪ್ರಿಲ್‌ನಲ್ಲಿ ಆಸ್ಪತ್ರೆಯಿಂದ ಫೋನು. ಜೂನ್‌ನಲ್ಲಿ ಅವಳ ಸೊಂಟದ ಕೀಲು ಬದಲಿಸುವ ಆಪರೇಷನ್ ನಿಗದಿಯಾಗಿತ್ತು. ಆ ಸೊಂಟದಿಂದಾಗಿ ಚಳಿಗಾಲವಿಡೀ ಪೋಲ್ಕಾ ಬಿಟ್ಟು ಗೋಡೆಗೆ ಒರಗಿ ಕೂತಿದ್ದಳು, ಡೆಲ್ಮರ್ ಬೇರೆ ಹೆಂಗಸರ ಜೊತೆ ಕುಣಿಯುವುದನ್ನು ನೋಡುತ್ತಾ ಹಲ್ಲು ಕಚ್ಚುತ್ತಾ. ಫೋನಿನ ಹುಡುಗಿ ಹೇಳಿದಳು: "ನಿಮಗೆ ಎಪ್ಪತ್ತೊಂದಾಗಿದೆ. ಮೊದಲು ಮೆಡಿಕೇರ್ ಕೊಡಬೇಕು, ಉಳಿದ ಚೂರುಪಾರು ಮಾತ್ರ ನಾವು ಅಂತ ನಿಮ್ಮ ವಿಮೆಯವರು ಹೇಳ್ತಿದ್ದಾರೆ. ಕೆಲಸ ಬಿಟ್ಟ ಮೇಲೆ ಎಂಟು ತಿಂಗಳೊಳಗೆ ಸೇರ್ಕೋಬೇಕಿತ್ತು, ಸೇರ್ಕೊಂಡ್ರಾ?"

ಆಗಸ್ಟಿನಿಂದ ಎಂಟು ತಿಂಗಳೆಂದರೆ ಏಪ್ರಿಲ್ ಕೊನೆ. ಡೆಲ್ಮರ್ ಹೇಳಿದ ಬಾಗಿಲು ತೆರೆಯುವುದು ಮೇನಲ್ಲಿ. ಆ ಬಾಗಿಲು ಐವತ್ತೊಂಬತ್ತು ಎಂದ ಹೆಂಗಸಿನದು; ಈ ಹೆಂಗಸಿನ ಬಾಗಿಲು ಆಗಲೇ ಮುಚ್ಚುತ್ತಾ ಬಂದಿತ್ತು. ತಪ್ಪಿದರೆ ಮುಂದಿನ ಜನವರಿಯವರೆಗೆ ಕಾಯಬೇಕು, ಮೇಲೆ ಬದುಕಿರುವವರೆಗೂ ದಂಡ. ಅಲ್ಲಿಯವರೆಗೆ ಆಪರೇಷನ್ನೂ ಇಲ್ಲ, ಕುಣಿತವೂ ಇಲ್ಲ. ಆರ್ಡಿಸ್ ಫೋನಿಟ್ಟು ಕ್ಯಾಲೆಂಡರಿನಲ್ಲಿ ಉಳಿದ ದಿನಗಳನ್ನು ಎಣಿಸಿದಳು.

ಕದ್ದುಮುಚ್ಚಿ ಮುಗಿಸಿಬಿಡೋಣ ಎಂದರೆ ಶಾಲೆಯ ಕಚೇರಿಯವರು ವಿಮೆ ಇತ್ತೆಂದು ಸಹಿ ಹಾಕಿಕೊಡಬೇಕು. ಶಾಲೆಯ ಕಚೇರಿ ಎಂದರೆ ಬರ್ನಡೀನ್. ಬರ್ನಡೀನ್ ಎಂದರೆ ಡೆಲ್ಮರ್‌ನ ತಂಗಿ, ಊರಿಗೆ ರೇಡಿಯೋ ಬೇಡವಾಗಿಸಿದವಳು. ಬೇರೆ ದಾರಿಯಿಲ್ಲದೆ ಆರ್ಡಿಸ್ ಕುಂಟುತ್ತಾ ಹೋಗಿ ಕಾಗದ ಮುಂದಿಟ್ಟು ಗೋಡೆಯ ಕಡೆ ನೋಡುತ್ತಾ ಕೂತಳು.

"ಅಂತೂ ಬಂದೆಯಾ" ಎಂದಳು ಬರ್ನಡೀನ್.

"ಅಂದ್ರೆ?"

"ಅಂದ್ರೆ ಏನು ಮಾರಾಯ್ತಿ, ವರ್ಷಾ ವರ್ಷಾ ನಿನ್ನ ವಿಮೆ ಕಾಗದ ತುಂಬಿಸಿದ್ದು ಯಾರು, ರಾಜ್ಯಪಾಲರಾ? ನೀನು ನನಗಿಂತ ದೊಡ್ಡವಳು ಅಂತ ನಂಗೆ ಮೊದಲಿಂದ ಗೊತ್ತು."

"ಯಾರಿಗೂ ಹೇಳಿಲ್ವಾ?"

"ಕಚೇರಿ ಕಾಗದದಲ್ಲಿ ಕಂಡದ್ದು ಆಡಿದ್ರೆ ಕೆಲಸ ಹೋಗುತ್ತೆ ಕಣೇ. ಜನ್ಮದಲ್ಲಿ ನಾನು ಬಾಯಿಬಿಡದೇ ಇರೋದು ಇದೊಂದೇ. ಹೊಟ್ಟೆ ಉಬ್ಬರಿಸಿ ಸಾಯ್ತಿದ್ದೀನಿ." ಟಪಕ್ಕನೆ ಸಹಿ ಹಾಕಿದಳು. "ಆದ್ರೆ ಅಣ್ಣನಿಗೆ ನೀನೇ ಹೇಳು. ಬೇರೆಯವರಿಂದ ಗೊತ್ತಾದ್ರೆ ಅವನು ಕುಗ್ಗಿಹೋಗ್ತಾನೆ."

ಬುಧವಾರ ಗ್ರಂಥಾಲಯದಲ್ಲಿ ಆರ್ಡಿಸ್ ಎಲ್ಲರಂತೆ ಸಾಲಿನಲ್ಲಿ ಕೂತಳು. ಸರದಿ ಬಂದಾಗ ಡೆಲ್ಮರ್ ನಕ್ಕ. "ಮೇನಲ್ಲಿ ಬಾ ಅಂದಿದ್ನಲ್ಲ. ನನ್ನ ನೋಡ್ದೆ ಇರೋಕಾಗಲ್ವಾ?"

"ಬೇರೆಯವರನ್ನ ಹೇಗೆ ಕೇಳ್ತೀಯೋ ಹಾಗೇ ಕೇಳು" ಎಂದಳು.

ಅವನು ಆಟವೆಂದುಕೊಂಡು ಗಂಟಲು ಸರಿಮಾಡಿಕೊಂಡ. "ಹುಟ್ಟಿದ ದಿನಾಂಕ, ಮೇಡಮ್?"

"ಆಗಸ್ಟ್ ಹನ್ನೊಂದು. ಐವತ್ತಮೂರನೇ ಇಸವಿ."

ಬರೆಯುತ್ತಿದ್ದ ಕೈ ನಿಂತಿತು. ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಆರ್ಡಿಸ್‌ಗೆ ಎದ್ದು ಓಡಬೇಕೆನಿಸಿತು, ಸೊಂಟ ಬಿಡಬೇಕಲ್ಲ.

"ನನ್ನ ಮಾತು ಕೇಳ್ಕೊಂಡು ನೀನು ಮೇನಲ್ಲಿ ಬಂದಿದ್ರೆ" ಎಂದ ಮೆಲ್ಲಗೆ, "ನಿನ್ನ ಆಪರೇಷನ್ ಹಾಳಾಗ್ತಿತ್ತು. ನನ್ನ ಕೈಯಿಂದ. ಅದು ಹೊಳೀಲೇ ಇಲ್ವಾ ನಿಂಗೆ?"

"ಬಿಟ್ಟು ಹೋಗ್ತೀಯ ಅಂದ್ಕೊಂಡೆ."

"ಇಷ್ಟು ವರ್ಷ ಜೊತೆಗಿದ್ದು ನನ್ನ ಬಗ್ಗೆ ತಿಳ್ಕೊಂಡಿದ್ದು ಇಷ್ಟೇನಾ?" ಕನ್ನಡಕ ಹಾಕಿಕೊಂಡು, ಅವಳ ಮುಖ ನೋಡದೆ, ಉಳಿದ ಪ್ರಶ್ನೆಗಳನ್ನೆಲ್ಲ ಒಂದೊಂದಾಗಿ ಕೇಳಿ ಮುಗಿಸಿದ. "ಮೇ ಒಂದರಿಂದ ಮೆಡಿಕೇರ್ ಶುರು. ಈ ಮೇಜಿನ ಮಾತು ಇಲ್ಲೇ ಉಳಿಯುತ್ತೆ, ಅದು ನಮ್ಮ ನಿಯಮ. ಮುಂದಿನವರು ಬನ್ನಿ."

ಆ ಶುಕ್ರವಾರ ಮೀನಿನೂಟದಲ್ಲಿ ಅವನ ಕುರ್ಚಿ ಖಾಲಿ. ಮುಂದಿನ ಶುಕ್ರವಾರವೂ ಖಾಲಿ. ಆರ್ಡಿಸ್ ಒಬ್ಬಳೇ ಕೂತು ಮೀನು ತಿಂದಳು, ರುಚಿಯೇ ಇರಲಿಲ್ಲ. ಗಂಡ ಬಿಟ್ಟುಹೋದಾಗಲೂ ಇಷ್ಟು ಅತ್ತಿರಲಿಲ್ಲ. ಆಗ ತಪ್ಪು ಅವನದಾಗಿತ್ತು.

ಆಪರೇಷನ್ ದಿನ ಬೆಳಿಗ್ಗೆ ಬಾಗಿಲ ಮುಂದೆ ಡೆಲ್ಮರ್‌ನ ಕಾರು ನಿಂತಿತ್ತು. "ಕೋಪ ಇನ್ನೂ ಇದೆ" ಎಂದ, ಚೀಲ ಎತ್ತಿಕೊಳ್ಳುತ್ತಾ. "ಆದ್ರೆ ಬರ್ನಡೀನ್ ಕಾರು ಓಡಿಸಿದ್ರೆ ಇನ್ನೊಂದು ಸೊಂಟಾನೂ ಹೋಗುತ್ತೆ." ದಾರಿಯುದ್ದಕ್ಕೂ ಹವಾಮಾನದ ಮಾತು ಬಿಟ್ಟು ಬೇರೆ ಆಡಲಿಲ್ಲ. ಆಮೇಲೂ ವಾರಕ್ಕೆರಡು ಸಲ ಬಿಸಿ ಅಡುಗೆಯ ಪಾತ್ರೆ ತಂದಿಟ್ಟು, ಬಾಗಿಲಲ್ಲೇ ನಿಂತು ವಿಚಾರಿಸಿ ಹೋಗುತ್ತಿದ್ದ.

ಆಗಸ್ಟ್ ಹನ್ನೊಂದು ಬಂತು. ಆ ಊರಿನಲ್ಲಿ ಯಾರಿಗಾದರೂ ಅರವತ್ತೈದಾದರೆ ಅವರ ಅಂಗಳದ ಹುಲ್ಲಿನಲ್ಲಿ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಕೊಕ್ಕರೆಗಳನ್ನು ನೆಡುತ್ತಾರೆ, ವರ್ಷಕ್ಕೊಂದರಂತೆ. ಆರ್ಡಿಸ್ ಎದ್ದು ನೋಡಿದರೆ ಮುಂದಿನ ಅಂಗಳವೆಲ್ಲ ಗುಲಾಬಿ. "ಆರ್ಡಿಸ್‌ಗೆ 65, ಹಾರನ್ ಮಾಡಿ" ಎಂಬ ಹಲಗೆ ಬೇರೆ. ಹಾಲಿನ ಲಾರಿಯಿಂದ ಹಿಡಿದು ಪಾದ್ರಿಯ ಕಾರಿನವರೆಗೆ ಎಲ್ಲವೂ ಹಾರನ್ ಮಾಡುತ್ತಾ ಹೋದವು. ಬರ್ನಡೀನ್ ಕೇಕ್ ತಂದು, ಅಂಗಳದಲ್ಲಿ ನಿಂತು ಗಟ್ಟಿಯಾಗಿ ಕೊಕ್ಕರೆ ಎಣಿಸಿದಳು. "ಸರಿಯಾಗಿ ಅರವತ್ತೈದು, ಒಂದೂ ಹೆಚ್ಚಿಲ್ಲ" ಎಂದು ಊರಿಗೆಲ್ಲ ಕೇಳುವಂತೆ ಸಾರಿ, ಕೆಮ್ಮುವ ನೆಪದಲ್ಲಿ ನಗು ನುಂಗಿದಳು.

ಆರ್ಡಿಸ್ ಕೋಲೂರಿಕೊಂಡು ಒಳಗೆ ಹೋದಳು. ಡೆಲ್ಮರ್ ಗುಟ್ಟು ಉಳಿಸಿಕೊಟ್ಟಿದ್ದಾನೆ, ದೊಡ್ಡ ಮನಸ್ಸು ನಿಜ. ಆದರೆ ಕ್ಷಮಿಸಿದ್ದಾನೋ ಇಲ್ಲವೋ, ಅದನ್ನು ಯಾವ ಹಲಗೆಯೂ ಹೇಳುವುದಿಲ್ಲ. ಕಾಫಿಗೆ ನೀರು ಹಿಡಿಯಲು ಸಿಂಕಿನ ನಲ್ಲಿ ತಿರುಗಿಸಿ ಕಿಟಕಿಯಾಚೆ ನೋಡಿದಳು.

ಹಿತ್ತಿಲಲ್ಲಿ, ಬೀದಿಗೆ ಕಾಣದ ಹಾಗೆ, ಟೊಮೇಟೊ ಗಿಡಗಳ ನಡುವೆ ಇನ್ನೂ ಏಳು ಕೊಕ್ಕರೆ ನಿಂತಿದ್ದವು. ಏಳೂ ಕೊಕ್ಕು ಕಿಟಕಿಯತ್ತ ತಿರುಗಿಸಿಕೊಂಡು ಅವಳನ್ನೇ ನೋಡುತ್ತಿದ್ದವು.

ಹಿಂದೆ ಡೆಲ್ಮರ್ ಬಂದು ನಿಂತಿದ್ದ, ಪೋಲ್ಕಾಕ್ಕೆ ಹಾಕುವ ಕೆಂಪು ಅಂಗಿಯಲ್ಲಿ.

"ಮುಂದಿರೋವು ಊರಿಗೆ" ಎಂದ. "ಇವು ನಂಗೆ. ಇನ್ನೊಂದು ಸಲ ಇವನ್ನ ನನ್ನಿಂದ ಮುಚ್ಚಿಟ್ಟೀಯ ಜೋಕೆ."

ಅವಳ ಕಣ್ಣು ತುಂಬಿ ಬಂತು, ಜೊತೆಗೇ ನಗುವೂ ಬಂತು. ಹೊರಗಿನಿಂದ ಯಾರೋ ಕಾಫಿ ಎಲ್ಲಿ ಎಂದು ಕೂಗುತ್ತಾ ಅಡುಗೆಮನೆಯ ಕಡೆ ಬರುತ್ತಿದ್ದರು. ಆರ್ಡಿಸ್ ಕೈ ಚಾಚಿ ಕಿಟಕಿಯ ಪರದೆ ಎಳೆದಳು.