ಲಾಭಪಂಚಮಿಯವರೆಗೆ ನೇಪಾಳ

ಎರಡು ಸಾವಿರದ ಮೂರರ ಸುಮಾರಿಗೆ ಸೂರತ್ ಹತ್ತಿರದ ಸಚಿನ್‌ನಲ್ಲಿ ಬಟ್ಟೆ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದೆ. ನಾನೂ ನನ್ನ ಹುಬ್ಬಳ್ಳಿಯ ರೂಮ್‌ಮೇಟೂ ದೀಪಾವಳಿಯ ಹತ್ತು ದಿನದ ರಜೆಯಲ್ಲಿ ಬೈಕಿನಲ್ಲೇ ನೇಪಾಳ ನೋಡಿಬರುತ್ತೇವೆಂದು ಇಡೀ ಕಾರ್ಖಾನೆಗೆ ಸಾರಿದ್ದೆವು. ಹಬ್ಬದ ಮರುದಿನ ಹೊರಟು ವಡೋದರಾ ಮುಟ್ಟುವಷ್ಟರಲ್ಲಿ ಕ್ಲಚ್ ಕೇಬಲ್ ತುಂಡಾಯಿತು.

ಗ್ಯಾರೇಜುಗಳೆಲ್ಲ ಮುಚ್ಚಿದ್ದವು. ಒಂದರ ಹಿಂದೆಯೇ ಮೆಕ್ಯಾನಿಕ್‌ನ ಮನೆಯಿತ್ತು. "ದುಕಾನ್ ಲಾಭಪಂಚಮಿ ಕೋ ಖುಲೇಗೀ. ಪೆಹಲೇ ನಾಷ್ತಾ ಕರೋ," ಎಂದು ಆತ ಒಳಗೆ ಎಳೆದುಕೊಂಡ. ನಮ್ಮ ಕಡೆ ಪಾಡ್ಯ ಮುಗಿದರೆ ಅಂಗಡಿ ತೆರೆಯುತ್ತದೆ. ಇಲ್ಲಿ ದೀಪಾವಳಿಯ ಮರುದಿನವೇ ಹೊಸವರ್ಷ, ಅದರ ಐದನೇ ದಿನವಾದ ಲಾಭಪಂಚಮಿಯವರೆಗೆ ಸ್ಪ್ಯಾನರಿಗೂ ರಜೆಯೆಂದು ನಮಗೇನು ಗೊತ್ತು? ಬೇಕಾದ ಕೇಬಲ್ ಅಂಗಡಿಯ ಗೋಡೆಯಲ್ಲಿ ನೇತಾಡುತ್ತಿದ್ದುದು ಕಿಟಕಿಯಿಂದಲೇ ಕಾಣುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆತ ಮಾತ್ರ ನಮ್ಮನ್ನು ಮನೆಯಲ್ಲೇ ಉಳಿಸಿಕೊಂಡು, "ನೇಪಾಳ್‌ವಾಲೇ" ಎಂದು ಪರಿಚಯಿಸುತ್ತ, ದಿನಾ ಬಂಧುಗಳ ಮನೆಮನೆಗೆ ಕರೆದೊಯ್ದ. ಹೋದಲ್ಲೆಲ್ಲ ನಮ್ಮ ಕರ್ಜಿಕಾಯಿಯಂಥ ಸಿಹಿ ಘೂಘರಾ, ಬೆಲ್ಲ ಹಾಕಿದ ದಾಲ್.

"ಇನ್ನೊಂದ್ ಘೂಘರಾ ತಿಂದ್ರ ಕೇಬಲ್ ಅಲ್ಲ, ನಾನ ಹರೀತೀನಿ," ಎಂದ ಗೆಳೆಯ.

ಪಂಚಮಿಯಂದು ಮೆಕ್ಯಾನಿಕ್ ಬಾಗಿಲು ತೆರೆದು, ಪೂಜೆ ಮಾಡಿ, ಕೇಬಲಿಗೂ ಕುಂಕುಮವಿಟ್ಟು, ಹತ್ತೇ ನಿಮಿಷದಲ್ಲಿ ಬೈಕ್ ಸರಿಮಾಡಿದ. ಉಳಿದ ರಜೆಯಲ್ಲಿ ನೇಪಾಳ ಮುಟ್ಟಿ ವಾಪಸಾಗುವುದು ಕನಸಿನ ಮಾತು. ಸೂರತ್‌ಗೆ ಮರಳಿ, ಹತ್ತು ದಿನ ತುಂಬುವವರೆಗೆ ರೂಮಿನಲ್ಲೇ ಅಡಗಿದೆವು.

ಕೆಲಸಕ್ಕೆ ಹೋದೊಡನೆ ಸೂಪರ್‌ವೈಸರ್ ನೇಪಾಳದ ಊಟ ಹೇಗಿತ್ತೆಂದು ಕೇಳಿದರು. ಗೆಳೆಯ ಕಣ್ಣು ಮಿಟುಕಿಸದೆ ಹೇಳಿದ: "ಬಹುತ್ ಮೀಠಾ, ಸಾಬ್. ದಾಲ್ ಭೀ!"