ಕೆಳಗಿನ ಸೂರ್ಯ

ಕಳೆದ ಗುರುವಾರ ನಸುಕಿನಲ್ಲಿ ಸಂಗಮನಾಥ ನಾಶಿಕದ ತನ್ನ ಮನೆಯಲ್ಲಿ ತೀರಿಕೊಂಡ. ಹೃದಯ ನಿಂತಿತು ಎಂದರು ಡಾಕ್ಟರು. ಬದುಕಿದ್ದರೆ ಇನ್ನೊಬ್ಬ ಡಾಕ್ಟರನ್ನೂ ಕೇಳಿಯೇ ನಂಬುತ್ತಿದ್ದ.

ಭಾಲ್ಕಿ ಕಡೆಯವನು. ನಾಶಿಕಕ್ಕೆ ಬಂದು ಅಂಬಡ್‌ನ ಕಾರ್ಖಾನೆಯೊಂದರಲ್ಲಿ ಗಾಡಿಗಳ ಬಿಡಿಭಾಗಗಳನ್ನು ತಪಾಸಣೆ ಮಾಡುತ್ತಲೇ ಕೂದಲು ಹಣ್ಣಾಗಿಸಿಕೊಂಡ. ಅಳತೆಯ ಗೇಜು ದಾಟಿದ ತುಂಡಿಗಷ್ಟೇ ಅವನ ಹಸಿರು ಚುಕ್ಕೆ. ಚುಕ್ಕೆ ಬೀಳದ ಸಾಮಾನು ಗೇಟು ದಾಟುತ್ತಿರಲಿಲ್ಲ. ನಿವೃತ್ತಿಯ ದಿನ ಗೇಜನ್ನು ಒಪ್ಪಿಸಿ ಬಂದ, ಸಂಶಯವನ್ನು ಮನೆಗೆ ತಂದ. ಹಾಲನ್ನು ಮೂಸುವನು, ಕೀಲಿ ಹಾಕಿದ ಬಾಗಿಲನ್ನು ಮತ್ತೆ ಜಗ್ಗುವನು. "ನಮ್ಮ ಮನಿಯವ್ರು ದೇವರ ದೀಪಕ್ಕೂ ಕೈ ಹಿಡದು ಬಿಸಿ ಅದ ಇಲ್ಲ ನೋಡ್ತಾರ" ಎಂದು ಹೆಂಡತಿ ದಾನಮ್ಮ ನಗುತ್ತಿದ್ದಳು.

ಅವನು ತಪಾಸಣೆಯಿಲ್ಲದೆ ನಂಬಿದ್ದು ಸಮೀರನೊಬ್ಬನನ್ನೇ. ಹುಮನಾಬಾದಿನ ಸಮೀರ ಅದೇ ಕಾರ್ಖಾನೆಯಲ್ಲಿ ನಕ್ಷೆ ಬಿಡಿಸುತ್ತಿದ್ದ; ಇಬ್ಬರದೂ ಒಂದೇ ಡಬ್ಬಿಯ ಊಟ. ಆಮೇಲೆ ಅವನು ನೌಕರಿ ಬಿಟ್ಟು ಸಂಭಾಜಿನಗರಕ್ಕೆ ಹೋಗಿ ಚಿತ್ರಗಾರನಾದ. ಸಂಗಮನಾಥನ ಗೃಹಪ್ರವೇಶಕ್ಕೆ ಒಂದು ಚಿತ್ರ ತಂದು, ಗೋಡೆಗೆ ಆನಿಸಿಟ್ಟು, ಬಸ್ಸಿಗೆ ಹೊತ್ತಾಯಿತೆಂದು ಓಡಿದ್ದ.

"ಏನೋ ಇದು?" ಎಂದು ಸಂಗಮನಾಥ ಬೆನ್ನ ಹಿಂದೆ ಕೂಗಿದ್ದ.

"ಮರುಭೂಮಿ."

ಒಂಟೆಯಿಲ್ಲ, ಮನುಷ್ಯರಿಲ್ಲ, ಒಂದು ಮುಳ್ಳುಗಂಟಿಯೂ ಇಲ್ಲ. ಮರಳ ಬಣ್ಣದ ಬಯಲು, ಅಡ್ಡಕ್ಕೆ ಮೂರು ಬಿಳಿ ಪಟ್ಟೆ, ಒಂದು ಕೆಂಪು ಗುಂಡು. ದಾನಮ್ಮನಿಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ವಿಭೂತಿ ಮೇಲೆ, ಕುಂಕುಮ ಕೆಳಗೆ ಬರುವಂತೆ ತೂಗುಹಾಕಿದಳು. ಸೋಮವಾರ ಸೋಮವಾರ ಅದಕ್ಕೆ ಚೆಂಡುಹೂ.

ಕಳೆದ ಶ್ರಾವಣದ ಒಂದು ಸೋಮವಾರ ಸಮೀರ ಊಟಕ್ಕೆ ಬಂದ. ಚಿತ್ರದತ್ತ ನೋಡಿದ. ತುಟಿಯ ಒಂದು ಕೊನೆ ನಕ್ಕಿತು. ತಾಟಿನ ಕಡೆ ಬಗ್ಗಿದ.

ಆ ನಗು ಸಂಗಮನಾಥನಲ್ಲಿ ಮುಳ್ಳಿನಂತೆ ಉಳಿಯಿತು.

"ಯಾಕ ನಕ್ಕ ಅಂವ?"

"ಹೋಳಿಗಿ ಛಲೋ ಆಗಿದ್ವು, ನಕ್ಕಿರಬೇಕ್ರಿ."

"ಹೋಳಿಗಿ ಕಂಡ್ರ ಮಂದಿ ಪೂರಾ ಬಾಯಿ ತೆರೀತಾರ. ಅರ್ಧಾ ನಗಾಂಗಿಲ್ಲ."

ನಮ್ಮ ವಿಭೂತಿಯನ್ನು ಗೇಲಿ ಮಾಡಲೆಂದೇ ಬರೆದು ಕೊಟ್ಟನೇ? ಇಷ್ಟು ವರ್ಷದ ಡಬ್ಬಿಯೂಟದಲ್ಲಿ ಒಳಗೊಳಗೇ ನಗುತ್ತಿದ್ದನೇ? ಫೋನು ಬಂದರೆ ಎತ್ತುವುದನ್ನು ಬಿಟ್ಟ. ಬಿಟ್ಟ ಮೇಲೆ ಊಟ ರುಚಿಸಲಿಲ್ಲ. ಹೋದ ಬುಧವಾರ ಬೆಳಿಗ್ಗೆ ಸಂಭಾಜಿನಗರದ ಬಸ್ಸು ಹತ್ತಿದ.

ಸಮೀರನ ಕೋಣೆಯ ತುಂಬ ಮರುಭೂಮಿಗಳು. ಸಂಗಮನಾಥ ಒಂದೊಂದರ ಮುಂದೂ ನಿಂತ. ಎಲ್ಲದರಲ್ಲೂ ಕೆಂಪು ಗುಂಡು ಮೇಲೆ, ಬಿಳಿ ಪಟ್ಟೆ ಕೆಳಗೆ.

"ನಮ್ಮನ್ಯಾಗಿಂದು ಉಲ್ಟಾ ಅದ."

"ಅರೆ, ಇದಕ್ಕ ಮ್ಯಾಲ-ಕೆಳಗ ಏನೂ ಇಲ್ಲೋ ಸಂಗಣ್ಣಾ. ಹ್ಯಾಂಗ ಹಾಕಿದ್ರೂ ಚಲ್ತಾ ಹೈ."

"ಸುಳ್ಳ ಹೇಳ್ಲಾಕತ್ತಿ."

ಸಮೀರ ಕುಂಚ ಒರೆಸಿ ಕೆಳಗಿಟ್ಟ. "ಹೌದಪ್ಪಾ, ಸುಳ್ಳ. ಅದು ಸೂರ್ಯ, ಇವು ಮರಳಿನ ದಿಬ್ಬ. ಖರೆ, ವೈನಿ ಹೂ ಏರಿಸಿದ್ರು. ನನ್ನ ಚಿತ್ರಕ್ಕ ಇಲ್ಲೀತನಕ ಯಾರ್ ಹೂ ಹಾಕ್ಯಾರ? ಖುಷಿಗೆ ನಗು ಬಂತು. ಉಲ್ಟಾ ಅದ ಅಂತ ಯಾವ ಬಾಯಿಲೆ ಹೇಳ್ಲಿ?"

ಸಂಗಮನಾಥ ಆ ಮುಖವನ್ನು ಹೊಸ ತುಂಡಿನಂತೆ ತಿರುವಿ ತಿರುವಿ ನೋಡಿದ. ಚಪ್ಪಲಿ ಮೆಟ್ಟಿ ಹೊರಟ.

ವಾಪಸು ಬಸ್ಸಿನಲ್ಲಿ ಸಂಶಯವೂ ಪಕ್ಕದಲ್ಲೇ ಕೂತಿತ್ತು. ಇದೂ ಸುಳ್ಳಾಗಿದ್ದರೆ? ಬಸ್ಸು ವೈಜಾಪುರದಲ್ಲಿ ನಿಂತಾಗ ಕಾರ್ಖಾನೆಯ ದಿನಗಳು ನೆನಪಾದವು. ಒಂದು ಗೆರೆ ಓರೆಯಾದರೆ ನಕ್ಷೆಯನ್ನೇ ಹರಿದೆಸೆಯುತ್ತಿದ್ದ ಸಮೀರ. ಮಾಲಕ ನಿಂತು ಬೈದರೂ ಕೇಳುತ್ತಿರಲಿಲ್ಲ. ಅಂಥವನು ತನ್ನ ಕೈಯ ಕೆಲಸ ತಲೆಕೆಳಗಾಗಿ ತೂಗುತ್ತಿರುವುದನ್ನು ಕಂಡೂ, ಅದರ ಕೆಳಗೆ ಕೂತು ಎರಡು ಹೋಳಿಗೆ ತಿಂದು ಹೋಗಿದ್ದ.

ಆ ರಾತ್ರಿ ಮನೆಗೆ ಬಂದವನೇ ಚಿತ್ರ ಇಳಿಸಿದ. ಸೂರ್ಯ ಮೇಲಾಗುವಂತೆ ತಿರುಗಿಸಿ ಹಿಡಿದ.

"ಅಯ್ಯ, ವಿಭೂತಿ ಗದ್ದಕ್ಕ ಬಂತಲ್ರಿ!" ಎಂದಳು ದಾನಮ್ಮ.

ಅವನು ಅದನ್ನು ಮತ್ತೆ ಮೊದಲಿನಂತೆಯೇ ತೂಗುಹಾಕಿದ. ಕಪಾಟಿನಲ್ಲಿ ತಡಕಾಡಿ ಕಾರ್ಖಾನೆಯ ಕಾಲದ ಹಸಿರು ಬಣ್ಣದ ಶೀಶೆ ತೆಗೆದ. ಒಣಗಿ ಗಟ್ಟಿಯಾಗಿತ್ತು. ಎರಡು ಹನಿ ಎಣ್ಣೆ ಬಿಟ್ಟು ಕಡ್ಡಿಯಿಂದ ಕದಡಿದ. ಚೌಕಟ್ಟಿನ ಕೆಳಮೂಲೆಯಲ್ಲಿ ಒಂದು ಚುಕ್ಕೆ ಇಟ್ಟು, ಮಲಗಲು ಹೋದ.