ಮುಳುಗಿಸಿದ ಜೋಳ

ಸಾಯುವ ಹಿಂದಿನ ದಿನವೂ ಪಕ್ಕದ ಮನೆಯ ಕಾಕಾ ಜೋಳದ ಬೀಜವನ್ನು ಕೊಡದ ನೀರಿನಲ್ಲಿ ಮುಳುಗಿಸಿ ಕೂತಿದ್ದರು. ನಾಲ್ಕು ದಿನ ಮುಳುಗಿಯೂ ಮೊಳೆತ ಕಾಳನ್ನಷ್ಟೇ ಬಿತ್ತಿ, ಅದರ ತೆನೆಯನ್ನೇ ಮತ್ತೆ ಬೀಜಕ್ಕಿಡುವುದು ಅವರ ಹಲವು ವರ್ಷಗಳ ಹುಚ್ಚು.

"ಜ್ವಾಳಕ್ಕ ಈಜು ಕಲಸಾಕತ್ತೀರೇನ್ರಿ ಕಾಕಾ?" ಎನ್ನುತ್ತಿದ್ದೆ.

"ತಾಯಿ ತಡಕೊಂಡ್ರ ಮಗಳೂ ತಡಕೋತಾಳ, ತಂಗಿ."

ಒಂದು ವರ್ಷ ಬಿತ್ತನೆ ಮುಗಿದ ಕೂಡಲೇ ಕೃಷ್ಣೆ ಉಕ್ಕಿ ಹೊಲಗಳಿಗೆ ನುಗ್ಗಿದಳು. ಎಲ್ಲರ ಬೀಜ ಕೊಳೆಯಿತು. ಕಾಕಾನ ನಾಲ್ಕು ಸಾಲು ಮಾತ್ರ ಮೊಳೆತವು. ಬುದ್ಧಿವಂತರಾದ ನಾವು ಅದನ್ನು ದೇವರ ದಯೆ ಎಂದೆವು.

ಕಾಕಾ ತೀರಿದ ಮೇಲೆ ಅವರ ದಿನಕರ್ಮದ ಊಟಕ್ಕೆ ಹಿಟ್ಟು ಸಾಲಲಿಲ್ಲ. ಜಮಖಂಡಿಯಲ್ಲಿ ಹೊಸ ಬೀಜ ಸಿಗುತ್ತದಲ್ಲ ಎಂದು, ಅವರು ಬೂದಿ ಬೆರೆಸಿಟ್ಟಿದ್ದ ಬೀಜದ ಜೋಳವನ್ನು ಮೊರದಲ್ಲಿ ಕೇರಿ, ಗಿರಣಿಗೆ ಕಳಿಸಿದವಳು ನಾನೇ. ರೊಟ್ಟಿಯನ್ನು ಎಲ್ಲರೂ ಹೊಗಳಿದರು.

ಆ ತಳಿಯ ಒಂದು ಕಾಳೂ ಈಗ ಯಾರ ಮನೆಯಲ್ಲೂ ಇಲ್ಲ.